ಡಿಗ್ರಿ ಬಾರದ ಹಾಲು

ಬಾಣಂತಿಗೆ ಬುದ್ಧಿ ಹೇಳುವುದಕ್ಕೆ ಯಾರಿಗೂ ಯಾವ ಅರ್ಹತೆಯೂ ಬೇಕಿಲ್ಲ. ಹೆತ್ತವರು ಹೇಳುತ್ತಾರೆ, ಹೆರದವರೂ ಹೇಳುತ್ತಾರೆ, ಹುಲ್ಲು ಕೇಳಲು ಬಂದ ಗಂಡಸೂ ಕಿಟಕಿಯಲ್ಲಿ ಇಣುಕಿ ಒಂದು ಮಾತು ಹೇಳಿ ಹೋಗುತ್ತಾನೆ. ಮಗು ಆಸ್ಪತ್ರೆಯಲ್ಲಿ, ನಾನು ಮನೆಯಲ್ಲಿ ಇದ್ದ ಆ ದಿನಗಳಲ್ಲಿ ನನಗೆ ಸಿಕ್ಕಿದ ಬುದ್ಧಿಮಾತು ಊರಿಗೆಲ್ಲ ಹಂಚುವಷ್ಟಿತ್ತು. ಸಿಗಬೇಕಾದದ್ದು ಮಾತ್ರ ಸಿಗಲಿಲ್ಲ. ಕೈಯಲ್ಲಿ ಹಾಲಿನ ಬಾಟಲಿ ಹಿಡಿದು ಆಸ್ಪತ್ರೆಯ ಬಾಗಿಲಲ್ಲಿ ನಿಂತಿರುವ ಯಾವಳಾದರೂ ಇದನ್ನು ಓದಿದರೆ, ನೀನೊಬ್ಬಳೇ ಅಲ್ಲ ಕಣೆ ಅಂತ ಅವಳಿಗೆ ಹೇಳಬೇಕು ಅನ್ನಿಸಿತು. ಸಮಾಧಾನದ ಕತೆ ಬೇಕಾದವರು ಬೇರೆ ಕಡೆ ನೋಡಿಕೊಳ್ಳಿ.

ನಮ್ಮೂರು ಕೈಲಾಂಚದ ಹತ್ತಿರ. ಒಂದಿಷ್ಟು ಹಿಪ್ಪುನೇರಳೆ, ಒಂದಿಷ್ಟು ರಾಗಿ, ಮಿಕ್ಕಿದ ಜೀವನವೆಲ್ಲ ಹಸುಗಳ ಮೇಲೆ. ನನ್ನ ಗಂಡ ಮಂಜು ಊರಿನ ಡೇರಿಯಲ್ಲಿ ಟೆಸ್ಟರ್. ಬೆಳಿಗ್ಗೆ, ಸಂಜೆ ಊರವರೆಲ್ಲ ಕ್ಯಾನು ಹಿಡಿದು ಸಾಲಾಗಿ ನಿಲ್ಲುತ್ತಾರೆ, ಇವರು ಹಾಲಿಗೆ ಅಳತೆಗೋಲು ಬಿಟ್ಟು ಡಿಗ್ರಿ ನೋಡುತ್ತಾರೆ. ಡಿಗ್ರಿ ಬರದಿದ್ದರೆ ಹಾಲು ತೆಳು, ನೀರು ಬೆರೆಸಿದ್ದಾರೆ ಅಂತ ಲೆಕ್ಕ. ಅಲ್ಲೇ ಎಲ್ಲರ ಎದುರು ಕ್ಯಾನು ವಾಪಸ್. ವಾಪಸಾದ ಕ್ಯಾನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬೀದಿಯಲ್ಲಿ ನಡೆದುಬರುವ ಹೆಂಗಸು ಒಂದು ವಾರ ತಲೆ ಎತ್ತುವುದಿಲ್ಲ. ನಮ್ಮ ಅತ್ತೆ ಜಯಮ್ಮನವರ ಹಾಲು ಒಂದು ದಿನವೂ ವಾಪಸಾದದ್ದಿಲ್ಲ. ಮಗ ಟೆಸ್ಟರ್ ಆಗುವುದಕ್ಕೆ ಮೊದಲೂ ಆಗಿರಲಿಲ್ಲ ಅನ್ನುವುದನ್ನು ಅವರು ಕೇಳದಿದ್ದವರಿಗೂ ಹೇಳುತ್ತಿದ್ದರು.

ನಾನು ರಾಮನಗರದ ಒಂದು ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ಬಸುರಿಗೆ ಏಳು ತಿಂಗಳು ತುಂಬಿ ಎಂಟಕ್ಕೆ ಬಿದ್ದಾಗ ಕಾಲು ಊದಿಕೊಂಡಿತು, ಆಮೇಲೆ ಮುಖ ಊದಿಕೊಂಡಿತು. ಬಸುರಿಯ ಕಾಲು ಊದದೆ ಇನ್ನೇನು ಊದಬೇಕು ಅಂದರು ಅತ್ತೆ. ಒಂದು ಮಧ್ಯಾಹ್ನ ಬೋರ್ಡಿನ ಮೇಲೆ ಬರೆದ ಲೆಕ್ಕ ನನಗೇ ಕಾಣದೆ ಹೋಯಿತು. ಜೊತೆಯ ಮೇಡಂ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರು. ಬಿಪಿ ನೋಡಿದ ಡಾಕ್ಟರು ನನ್ನ ಹತ್ತಿರ ಏನೂ ಹೇಳಲಿಲ್ಲ, ಗಂಡನಿಗೆ ಫೋನ್ ಮಾಡಿ ಬೇಗ ಬನ್ನಿ ಅಂದರು. ಇಬ್ಬರಲ್ಲಿ ಒಬ್ಬರನ್ನಾದರೂ ಉಳಿಸಿಕೊಳ್ಳೋಣ ಅಂತ ಯಾರೋ ಪರದೆಯ ಆಚೆ ಹೇಳಿದ್ದು ನನಗೆ ಕೇಳಿಸಿತು. ಆ ಒಬ್ಬರು ಯಾರು ಅಂತ ಕೇಳುವಷ್ಟರಲ್ಲಿ ಸೂಜಿ ಚುಚ್ಚಿದರು.

ಇಬ್ಬರೂ ಉಳಿದೆವು. ಮಗಳನ್ನು ನಾನು ಮೊದಲು ನೋಡಿದ್ದು ಗಾಜಿನ ಪೆಟ್ಟಿಗೆಯೊಳಗೆ, ಮೂಗಿಗೊಂದು ಬಾಯಿಗೊಂದು ನಳಿಕೆ ಹಾಕಿಸಿಕೊಂಡು ಮಲಗಿದ್ದಾಗ. ನಿಜ ಹೇಳುತ್ತೇನೆ, ಪ್ರೀತಿ ಉಕ್ಕಿ ಬರಲಿಲ್ಲ. ಇದು ನನ್ನದಾ ಅನ್ನಿಸಿ ಹೆದರಿಕೆಯಾಯಿತು. ಅಲ್ಲಿದ್ದ ಸಿಸ್ಟರ್, ಅಳುವುದಕ್ಕೆ ಆಮೇಲೆ ಟೈಮಿದೆ, ಈಗ ಹಾಲು ತೆಗೆಯೋದು ಕಲಿತುಕೊಳ್ಳಿ ಅಂತ ನನ್ನನ್ನು ಒಂದು ಸ್ಟೂಲಿನ ಮೇಲೆ ಕೂರಿಸಿದರು. ಹಸುವಿನ ಹಾಲು ಹಿಂಡುವ ಮನೆಗೆ ಸೊಸೆಯಾಗಿ ಬಂದು ಹಿಂಡುವುದನ್ನು ಕಲಿಯದ ನಾನು ಕೊನೆಗೆ ಅದನ್ನು ಕಲಿತದ್ದು ನನ್ನ ಮೈಮೇಲೆಯೇ. ಬೆರಳು ಎಲ್ಲಿಡಬೇಕು, ಎಷ್ಟು ಒತ್ತಬೇಕು ಅಂತ ಆಕೆ ತೋರಿಸಿದರು. ಮೊದಲ ದಿನ ಬಂದದ್ದು ಅರಿಶಿನ ಬಣ್ಣದ ನಾಲ್ಕು ಹನಿ. ಅದನ್ನೂ ಬಿಡದೆ ಸಿರಿಂಜಿನಲ್ಲಿ ಎಳೆದುಕೊಂಡು ಮಗುವಿನ ನಳಿಕೆಗೆ ಹಾಕಿದರು.

ಮಗು ಇನ್ನೂ ಬಹಳ ದಿನ ಇಲ್ಲೇ ಇರಬೇಕು, ತಾಯಂದಿರಿಗೆ ಇಲ್ಲಿ ಜಾಗವಿಲ್ಲ ಅಂದರು. ಕಾಯುವವರಿಗೆ ಇದ್ದದ್ದು ಕಾರಿಡಾರಿನ ಕಬ್ಬಿಣದ ಬೆಂಚು, ಅದರ ಮೇಲೆ ಹೊಲಿಗೆ ಹಾಕಿದ ಹೊಟ್ಟೆ ಹಿಡಿದು ಕೂತ ನನ್ನಂಥ ನಾಲ್ಕೈದು ಜನ. ಚನ್ನಪಟ್ಟಣದ ಕಡೆಯವಳೊಬ್ಬಳು ನನ್ನ ಪಕ್ಕ ಕೂರುತ್ತಿದ್ದಳು. ಒಂದು ಬೆಳಿಗ್ಗೆ ಅವಳು ಬರಲಿಲ್ಲ. ಯಾಕೆ ಅಂತ ನಾವು ಯಾರೂ ಕೇಳಲಿಲ್ಲ, ಜಾಗ ಸಿಕ್ಕಿತಲ್ಲ ಅಂತ ಒಬ್ಬಳು ಕಾಲು ಚಾಚಿದಳು. ಅಲ್ಲಿ ಎಲ್ಲರೂ ಹಾಗೇ ಆಗಿಬಿಟ್ಟಿದ್ದೆವು.

ನನಗೆ ತಾಯಿಯಿಲ್ಲ. ಸಾತನೂರಿನ ತವರಿಗೆ ಹೋದರೆ ನೋಡಿಕೊಳ್ಳುವವರಿಲ್ಲ, ಆಸ್ಪತ್ರೆಯೂ ದೂರ. ಹಾಗಾಗಿ ಗಂಡನ ಮನೆಗೇ ಬಾಣಂತಿಯಾಗಿ ಬಂದೆ. ಬಿಪಿ ಇಳಿದಿರಲಿಲ್ಲ, ಹಸಿ ಮೈ ಹೊರಗೆ ಕಾಲಿಡಬಾರದು ಅಂತ ಅತ್ತೆಯದು ಒಂದೇ ಹಟ. ಮಂಜು ಎರಡು ಹೊತ್ತೂ ಡೇರಿ ಬಿಟ್ಟು ಕದಲುವ ಹಾಗಿಲ್ಲ. ಕೊನೆಗೆ, ನಾನು ಮನೆಯಲ್ಲಿ ಹಾಲು ತೆಗೆದು ಇಡುವುದು, ಅತ್ತೆ ದಿನಾ ಬಸ್ಸಿನಲ್ಲಿ ಅದನ್ನು ರಾಮನಗರಕ್ಕೆ ಒಯ್ದು ಕೊಡುವುದು ಅಂತ ತೀರ್ಮಾನವಾಯಿತು. ಹೇಳಿದ್ದು ಅತ್ತೆಯೇ. ಅಷ್ಟರಮಟ್ಟಿಗೆ ಅವರನ್ನು ಬೈಯುವ ಹಾಗಿಲ್ಲ.

ಸಿಸ್ಟರ್ ಹೇಳಿದ್ದನ್ನೆಲ್ಲ ನಾನು ಅಕ್ಷರ ತಪ್ಪದೆ ಪಾಲಿಸಿದೆ. ಮೊಣಕೈವರೆಗೆ ಸೋಪು ಹಾಕಿ ತೊಳೆಯುತ್ತಿದ್ದೆ. ಸ್ಟೀಲಿನ ಬಟ್ಟಲನ್ನೂ ಪುಟ್ಟ ಬಾಟಲಿಗಳನ್ನೂ ಕುದಿಸಿ ಒಣಗಿಸುತ್ತಿದ್ದೆ. ಒಂದೊಂದು ಬಾಟಲಿಗೂ ಸ್ವಲ್ಪ ಸ್ವಲ್ಪವೇ ತುಂಬಿ, ಮೇಲೆ ದಿನ, ಹೊತ್ತು ಬರೆದು ಅಂಟಿಸಿ, ಫ್ರಿಜ್ಜಿನ ಬಾಗಿಲಲ್ಲಿ ಅಲ್ಲ, ಒಳಗೆ ಹಿಂದುಗಡೆ ತಣ್ಣಗಿರುವ ಕಡೆ ಇಡುತ್ತಿದ್ದೆ. ಆಗ ತಾನೇ ತೆಗೆದ ಬಿಸಿ ಹಾಲನ್ನು ತಣ್ಣಗಾದ ಹಾಲಿನ ಮೇಲೆ ಸುರಿಯುತ್ತಿರಲಿಲ್ಲ. ಮರುದಿನ ಕೊಡುವುದು ಕೆಳಗೆ, ಹೆಚ್ಚಾದದ್ದು ಫ್ರೀಜರಿನಲ್ಲಿ. ಕರೆಂಟು ಹೋದರೆ ಫ್ರಿಜ್ಜಿಗೆ ಬೆನ್ನು ಕೊಟ್ಟು ಕೂತು ಯಾರನ್ನೂ ಬಾಗಿಲು ತೆಗೆಯಲು ಬಿಡುತ್ತಿರಲಿಲ್ಲ. ಅತ್ತೆ ಮೊಸರಿನ ಪಾತ್ರೆಯನ್ನೂ ದೋಸೆ ಹಿಟ್ಟನ್ನೂ ಹೊರಗೆ ತೆಗೆದು ಫ್ರಿಜ್ಜಿನ ಒಂದು ಖಾನೆ ಪೂರ್ತಿ ನನಗೆ ಬಿಟ್ಟುಕೊಟ್ಟರು. ಮನೆಗೆ ಬಂದ ಹೆಂಗಸರು ಫ್ರಿಜ್ಜಿನಲ್ಲಿ ಎದೆಹಾಲು ಇದೆ ಅಂದರೆ ಮೂಗಿನ ಮೇಲೆ ಬೆರಳಿಡುತ್ತಿದ್ದರು. ಮೈಯಿಂದ ಹೊರಗೆ ಬಂದ ಹಾಲು ಸತ್ತಂತೆ, ಅದನ್ನು ಮಗುವಿಗೆ ಕೊಡುತ್ತಾರಾ ಅಂತ ಒಬ್ಬಳು ನನ್ನ ಮುಖಕ್ಕೇ ಕೇಳಿದಳು.

ತೆಗೆದು ಇಟ್ಟ ಎದೆಹಾಲು ಒಂದೆರಡು ಗಂಟೆಯಲ್ಲಿ ಎರಡು ಪದರವಾಗುತ್ತದೆ. ಮೇಲೆ ಒಂದು ತೆಳು ಕೆನೆ, ಕೆಳಗೆಲ್ಲ ನೀಲಿ ಮಿಶ್ರಿತ ತಿಳಿ. ಮೆಲ್ಲಗೆ ತಿರುಗಿಸಿದರೆ ಮತ್ತೆ ಸೇರಿಕೊಳ್ಳುತ್ತದೆ. ಮೊದಲ ದಿನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ ಅತ್ತೆಯ ಮುಖ ನನಗೆ ಮರೆಯುವುದಿಲ್ಲ. ಡೇರಿಯ ಸಾಲಿನಲ್ಲಿ ಬೇರೆಯವರ ಕ್ಯಾನು ನೋಡುವಾಗ ಅವರ ಮುಖ ಹಾಗಾಗುತ್ತಿತ್ತು.

"ಇದೇನವ್ವ, ಅಕ್ಕಿ ತೊಳ್ದ ನೀರಿದ್ದಂಗೈತೆ" ಅಂದರು. "ಇದ ತಕ್ಕೊಂಡೋಗಿ ಅವರ ಕೈಗೆ ಎಂಗವ್ವ ಕೊಡ್ಲಿ?"

ಎಲ್ಲ ಸರಿಯಿದೆ ಅಂತ ಸಿಸ್ಟರ್ ಹೇಳಿದ್ದಾರೆ ಅಂದೆ. ಅವರು ನನಗೆ ತಿನ್ನಿಸುವುದನ್ನು ಜಾಸ್ತಿ ಮಾಡಿದರು. ಬೆಳ್ಳುಳ್ಳಿ, ಸಬ್ಬಸಿಗೆ, ಮೆಂತ್ಯದ ಲೇಹ್ಯ, ಒಣ ಮೀನಿನ ಸಾರು. ಹಸುವಿಗೆ ಹಿಂಡಿ ಇಟ್ಟ ಹಾಗೆ ತಂದು ಇಡುತ್ತಿದ್ದರು, ಮರುದಿನ ಬಾಟಲಿ ಎತ್ತಿ ನೋಡುತ್ತಿದ್ದರು, ತಲೆ ಆಡಿಸುತ್ತಿದ್ದರು. ಇಷ್ಟು ಉಂಡು ಇಷ್ಟು ತೆಳ್ಳಗೆ ಕೊಡುವುದನ್ನು ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿಕೊಳ್ಳುತ್ತಿರಲಿಲ್ಲ ಅಂತ ಒಂದು ದಿನ ನಾದಿನಿಗೆ ಫೋನಿನಲ್ಲಿ ಹೇಳಿ ನಕ್ಕರು. ನಾನು ಪಕ್ಕದ ಕೋಣೆಯಲ್ಲೇ ಇದ್ದೆ. ಕೇಳಿಸಲಿ ಅಂತಲೇ ಹೇಳಿದ್ದು.

ಆಮೇಲೆ ಒಂದು ದಿನ ಅವರು ಆಸ್ಪತ್ರೆಯಿಂದ ನಗುಮುಖದಲ್ಲಿ ಬಂದರು. ಹಾಲು ಈಗ ಚೆನ್ನಾಗಿ ಕೂಡಿಕೊಂಡಿದೆ, ಬೆಳ್ಳಗಿದೆ, ಹೀಗೇ ತನ್ನಿ ಅಂತ ಸಿಸ್ಟರ್ ಹೇಳಿದರಂತೆ. ನನಗೆ ಆದ ಖುಷಿ ಹೇಳತೀರದು. ಕೋಣೆಯ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ನನ್ನನ್ನು ನಾನೇ ನೋಡಿಕೊಂಡೆ. ಮದುವೆಯ ದಿನವೂ ನನಗೆ ನನ್ನ ಮೈ ಅಷ್ಟು ಇಷ್ಟವಾಗಿರಲಿಲ್ಲ. ಆ ವಾರ ಮಂಜುವೂ ಊಟಕ್ಕೆ ಕೂತಾಗ ನನ್ನ ಜೊತೆ ಸಲೀಸಾಗಿ ಮಾತಾಡಿದರು. ಮಗುವಿಗೆ ಏನು ಹೆಸರಿಡೋಣ ಅಂತ ಮೊದಲ ಸಲ ಕೇಳಿದರು.

ಆ ವಾರ ಕಳೆಯುವುದರೊಳಗೆ ಮಗಳ ಹೊಟ್ಟೆ ಉಬ್ಬಿತು. ಹಾಕಿದ ಹಾಲು ಹಸಿರಾಗಿ ವಾಪಸ್ ಬಂತು. ಆಮೇಲೆ ಬಟ್ಟೆಯಲ್ಲಿ ರಕ್ತ ಕಂಡಿತು. ಫೋನ್ ಬಂದಾಗ ಅತ್ತೆಯ ಮಾತು ಕೇಳದೆ ನಾನು ಮಂಜುವಿನ ಬೈಕ್ ಹತ್ತಿ ಹೋದೆ. ರಸ್ತೆಯ ಪ್ರತಿ ಉಬ್ಬಿಗೂ ಹೊಲಿಗೆ ಬಿಚ್ಚಿದ ಹಾಗಾಗುತ್ತಿತ್ತು.

ಡಾಕ್ಟರು ಕಾರಿಡಾರಿನಲ್ಲೇ ನಿಲ್ಲಿಸಿ ಕೇಳಿದರು. ಕೈ ತೊಳೆಯುತ್ತೀರಾ? ಎಷ್ಟು ಹೊತ್ತು ಹೊರಗಿಡುತ್ತೀರಿ? ಎದೆಗೆ ಏನಾದರೂ ಹಚ್ಚುತ್ತೀರಾ? ಬೇರೆ ಏನಾದರೂ ಬೆರೆಸುತ್ತೀರಾ? ಬೆಂಚಿನ ಮೇಲಿದ್ದ ಅಷ್ಟೂ ಜನ ನನ್ನನ್ನೇ ನೋಡುತ್ತಿದ್ದರು. ನಾನು ತೊಳೆಯುತ್ತೇನೆ, ಹೊರಗಿಡುವುದಿಲ್ಲ, ಇಲ್ಲ, ಇಲ್ಲ ಅನ್ನುತ್ತಾ ಹೋದೆ. ಕರುಳಿಗೆ ಸೋಂಕು, ಕರುಳು ಸಾಯುತ್ತಿದೆ, ಬೆಂಗಳೂರಿಗೆ ಕಳಿಸಬೇಕು, ಸದ್ಯಕ್ಕೆ ನಿಮ್ಮ ಹಾಲು ಬೇಡ ಅಂದರು. ಚೆನ್ನಾಗಿದೆ ಅಂದಿದ್ದ ಅದೇ ಸಿಸ್ಟರ್ ನನ್ನ ಮುಖ ನೋಡದೆ ಬಾಟಲಿಗಳ ಚೀಲವನ್ನು ವಾಪಸ್ ಕೈಗಿಟ್ಟರು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತ ನನಗೆ, ನಮ್ಮೂರ ಹೆಂಗಸರು ಯಾಕೆ ತಲೆ ಎತ್ತುವುದಿಲ್ಲ ಅನ್ನುವುದು ಅರ್ಥವಾಯಿತು.

ಮಂಜು ಮಗುವಿನ ಜೊತೆ ಆಂಬುಲೆನ್ಸ್ ಹತ್ತಿದರು. ಅಲ್ಲಿ ಹೊಟ್ಟೆ ಕೊಯ್ದು ಕರುಳಿನ ಒಂದು ತುಂಡು ತೆಗೆದರು. ಉಳಿಯುತ್ತದೆ ಅಂತ ಯಾರೂ ಹೇಳಲಿಲ್ಲ, ನೋಡೋಣ ಅಂದರು. ನಾನು ಮನೆಯಲ್ಲಿ ಹಾಲು ಕಟ್ಟಿಕೊಂಡು, ಎದೆ ಕಲ್ಲಾಗಿ, ಜ್ವರದಲ್ಲಿ ಬಿದ್ದಿದ್ದೆ. ಮಗುವಿಗೆ ಹಾಲು ನಿಲ್ಲಿಸಿದರೂ ತಾಯಿ ತೆಗೆಯುತ್ತಲೇ ಇರಬೇಕು, ತೆಗೆದು ಕಾಪಾಡಿಡಬೇಕು, ಇಲ್ಲದಿದ್ದರೆ ಬತ್ತಿಹೋಗುತ್ತದೆ. ಇದೇ ನನಗೆ ಯಾರೂ ಹೇಳದೆ ಹೋದ ಮಾತು. ಬದಲಿಗೆ, ಇವಳ ಹಾಲು ಮಗುವಿಗೆ ವಿಷವಾಯಿತು ಅನ್ನುವುದು ಆಗಲೇ ಬೀದಿ ದಾಟಿ ಹೋಗಿತ್ತು. ಚಿಕ್ಕತ್ತೆಯೊಬ್ಬರು ಬಂದು, ಹಾಲು ಬತ್ತಲಿ ಅಂತ ಎದೆಗೆ ಮಲ್ಲಿಗೆ ಹೂ ಇಟ್ಟು ಬಿಗಿಯಾಗಿ ಬಟ್ಟೆ ಸುತ್ತಿದರು. ಹೂ ಬಾಡಿದ ಹಾಗೆ ಬಿಚ್ಚಿ ಹೊಸದು ಇಡುತ್ತಿದ್ದರು. ನಾನು ಬೇಡ ಅನ್ನಲಿಲ್ಲ. ನನಗೂ ಅದು ವಿಷವೇ ಇರಬೇಕು ಅನ್ನಿಸಿತ್ತು. ಅತ್ತೆ ಫ್ರೀಜರಿನಲ್ಲಿದ್ದ ಬಾಟಲಿಗಳನ್ನೆಲ್ಲ ಹೊರಗೆ ತೆಗೆದು, ಕರಗಿದ ಮೇಲೆ ಯಾರೂ ತುಳಿಯದ ಕಡೆ, ನುಗ್ಗೆಮರದ ಬುಡಕ್ಕೆ ಸುರಿದು ಬಂದರು. ಹಾಗೆ ಸುರಿಯುವುದು ನಮ್ಮ ಕಡೆಯ ಪದ್ಧತಿ. ಖಾಲಿ ಬಾಟಲಿಗಳನ್ನು ತೊಳೆದು ಕವುಚಿ ಇಟ್ಟರು.

ಮಲ್ಲಿಗೆ ತನ್ನ ಕೆಲಸ ಮಾಡಿತು. ಜ್ವರ ಬಿಟ್ಟಿತು, ಎದೆ ಹಗುರವಾಯಿತು. ಈಗಲೂ ನಾನು ಮುಡಿಗೆ ಮಲ್ಲಿಗೆ ಇಡುವುದಿಲ್ಲ.

ಮಗಳು ಸಾಯಲಿಲ್ಲ. ಹಾಗಂತ ಬದುಕಿದಳು ಅನ್ನುವ ಹಾಗೂ ಇರಲಿಲ್ಲ, ಡ್ರಿಪ್ ಮೇಲೆ ಇದ್ದಳು. ಕೊನೆಗೊಂದು ದಿನ ಬೆಂಗಳೂರಿನ ಡಾಕ್ಟರು ತಾಯಿಯನ್ನು ಕರೆದುಕೊಂಡು ಬನ್ನಿ ಅಂದರಂತೆ. ಅತ್ತೆಯೂ ಹೊರಟರು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಕುರ್ಚಿ ಎಳೆದು ನಮ್ಮನ್ನು ಕೂರಿಸಿ ಮಾತಾಡಿದರು. ಕರುಳು ಮಾಯುತ್ತಿದೆ, ಇವತ್ತಿನಿಂದ ಹನಿ ಹನಿ ಹಾಲು ಶುರು ಮಾಡೋಣ, ಅಮ್ಮನ ಹಾಲಿನಷ್ಟು ಒಳ್ಳೆಯದು ಇದಕ್ಕೆ ಬೇರೆ ಇಲ್ಲ ಅಂದರು. ಎಷ್ಟು ಬರುತ್ತಿದೆ ಅಂತ ನನ್ನನ್ನು ಕೇಳಿದರು. ನಿಂತುಹೋಯಿತು ಅಂದೆ. ಫ್ರೀಜರಿನಲ್ಲಿ ಮೊದಲು ತೆಗೆದದ್ದು ಏನಾದರೂ ಇದೆಯಾ ಅಂದರು. ನಾನು ಅತ್ತೆಯ ಕಡೆ ನೋಡಿದೆ.

ಅತ್ತೆಗೆ ಅಲ್ಲೇನೋ ಅನ್ಯಾಯ ಆಗುತ್ತಿದೆ ಅನ್ನಿಸಿರಬೇಕು. ನನ್ನನ್ನು ಕಾಪಾಡುವವರ ಹಾಗೆ ಮುಂದೆ ಬಗ್ಗಿದರು.

"ಅವಳ್ದು ನೀರು ಸಾ. ಅದೊಂದ್ನೇ ನೆಚ್ಕೊಂಡಿದ್ರೆ ಮೊಗ ಯಾವತ್ತೋ ಹೋಗ್ಬುಡ್ತಿತ್ತು. ನಮ್ಮ ರಾಣಿ ಅಂತ ಹಸ ಐತೆ, ಅದ್ರ ಹಾಲ್ನ ಕಾಯ್ಸಿ ಆರ್ಸಿ, ಬಸ್ಸು ಹತ್ತೋ ಮುಂಚೆ ಬಾಟ್ಲಿಗೆ ಒಸಿ ಒಸಿ ಬೆರ್ಸ್ತಿದ್ದೆ. ನರ್ಸಮ್ಮನೂ ಚೆಂದಾಗೈತೆ ಅಂದ್ರು. ಇಲ್ದಿದ್ರೆ ಇಷ್ಟು ದಿನ ಎಲ್ಲಿ ಉಳೀತಿತ್ತು?"

ಡಾಕ್ಟರು ಪೆನ್ನು ಕೆಳಗಿಟ್ಟರು. ಎಷ್ಟು, ಯಾವಾಗಿನಿಂದ ಅಂತ ಕೇಳಿದರು, ಅತ್ತೆ ಸಂಕೋಚವಿಲ್ಲದೆ ಹೇಳಿದರು. ತಿಂಗಳು ತುಂಬದ ಮಕ್ಕಳಿಗೆ ಈ ಕಾಯಿಲೆ ಏನೂ ಕಾರಣವಿಲ್ಲದೆಯೂ ಬರುತ್ತದೆ, ಇದರಿಂದಲೇ ಬಂತು ಅಂತ ನಾನು ಹೇಳಲಾರೆ ಅಂದರು ಡಾಕ್ಟರು. ಆದರೆ ಹಸುವಿನ ಹಾಲು ಆ ಕರುಳಿಗೆ ಒಂದು ಹನಿಯೂ ಹೋಗಬಾರದಿತ್ತಮ್ಮ ಅಂತ ಮೆಲ್ಲಗೆ ಸೇರಿಸಿದರು. ಮನೆಯಲ್ಲಿ ನಾನು ಬಾಟಲಿ ತುಂಬಿ ಇಟ್ಟಿದ್ದೆಲ್ಲ ಶುದ್ಧವಾಗಿತ್ತು. ಫ್ರೀಜರಿನಲ್ಲಿದ್ದದ್ದೂ ಅಷ್ಟೇ ಶುದ್ಧ. ಅದು ನುಗ್ಗೆಮರದ ಬುಡದಲ್ಲಿತ್ತು.

ಹೊರಗೆ ಬಂದ ಮೇಲೆ ನಾನು ಕಿರುಚಿದೆ. ಏನೆಂದು ಕಿರುಚಿದೆ ಅಂತ ಬರೆಯುವುದಿಲ್ಲ. ಮಂಜು ನನ್ನ ಕೈ ಹಿಡಿದು, ಅವ್ವ ಬೇಕು ಅಂತ ಮಾಡಲಿಲ್ಲ ಅಂದರು. ಒಂದು ತೊಟ್ಟು ನೀರು ಬೆರೆಸಿದವರ ಕ್ಯಾನನ್ನು ಬೀದಿಗೆ ಇಡುತ್ತೀರಲ್ಲ, ಇದು ಬೆರಕೆ ಅಲ್ಲವಾ ಅಂತ ಕೇಳಿದೆ.

"ಅದು ನೀರು ಬೆರ್ಸೋದು" ಅಂದರು. "ಇದು ಹಾಲಿಗೆ ಹಾಲೇ ಅಲ್ವಾ ಸುಮಾ."

ಅಳತೆಗೋಲು ಹಿಡಿದು ಊರಿನ ಹಾಲನ್ನೆಲ್ಲ ಅಳೆಯುವ ಮನುಷ್ಯ. ಅವರ ತಾಯಿ ಹೇಗೆ ಯೋಚಿಸಿದರೋ ಅವರೂ ಹಾಗೇ ಯೋಚಿಸಿದ್ದರು. ಆಗಲೇ ನನಗೆ ಗೊತ್ತಾಯಿತು, ಆ ಮನೆಯಲ್ಲಿ ಯಾರ ಕೈಗೆ ಬಾಟಲಿ ಹೋಗಿದ್ದರೂ ಇದೇ ಆಗುತ್ತಿತ್ತು.

ಆ ಆಸ್ಪತ್ರೆಯಲ್ಲಿ ತಾಯಂದಿರ ಹಾಲಿನ ಬ್ಯಾಂಕ್ ಇತ್ತು. ಹಾಲು ಹೆಚ್ಚಾದ ಬಾಣಂತಿಯರು ಕೊಟ್ಟದ್ದನ್ನು ಪರೀಕ್ಷೆ ಮಾಡಿ, ಹದವಾಗಿ ಕಾಯಿಸಿ, ಫ್ರೀಜರಿನಲ್ಲಿ ಇಟ್ಟಿರುತ್ತಾರೆ. ಅದನ್ನು ಕೊಡಲು ಒಪ್ಪಿಗೆ ಕೇಳಿದರು. ಯಾರ ಮನೆಯದ್ದೋ, ಯಾವ ಜನವೋ ಅಂತ ಅತ್ತೆ ಗೊಣಗಿದರು. ನೀವು ಬಾಯಿ ಮುಚ್ಚಿಕೊಂಡು ಕೂತಿರಿ ಅಂತ ನಾನು ಮದುವೆಯಾದ ಮೇಲೆ ಮೊದಲ ಸಲ ಹೇಳಿದೆ. ಅವರು ಕೂತರು. ನನ್ನದನ್ನು ಮತ್ತೆ ಬರಿಸಲು ಅಲ್ಲಿನ ಸಿಸ್ಟರು ಪಂಪು ಕೊಟ್ಟು ಬಹಳ ಪ್ರಯತ್ನ ಪಟ್ಟರು, ದಿನಕ್ಕೆ ಎಷ್ಟೋ ಸಲ ಕೂತೆ. ಬಟ್ಟಲಿನ ತಳ ಒದ್ದೆಯಾಗುವಷ್ಟು ಬಂತು, ಅದಕ್ಕಿಂತ ಹೆಚ್ಚು ಬರಲಿಲ್ಲ. ಆ ಒದ್ದೆಯನ್ನೂ ಅವರು ಎಸೆಯಲಿಲ್ಲ, ಹತ್ತಿಯಲ್ಲಿ ತೆಗೆದು ಮಗುವಿನ ತುಟಿಗೆ ಸವರಿದರು. ಆ ಒಂದು ಕೆಲಸಕ್ಕೆ ಅವರನ್ನು ನಾನು ಸಾಯುವವರೆಗೂ ನೆನೆಯುತ್ತೇನೆ.

ಮೊದಲ ಸಲ ಹಾಲು ಹಾಕುವಾಗ ನನ್ನನ್ನೂ ಅತ್ತೆಯನ್ನೂ ಒಳಗೆ ಬಿಟ್ಟರು. ಯಾರೋ ಹೆಂಗಸಿನ ಹಾಲು ಸಿರಿಂಜಿನಲ್ಲಿತ್ತು, ಅದು ನಳಿಕೆಯಲ್ಲಿ ಇಳಿದು ಹೋಗುವುದನ್ನು ಮೂವರೂ ಉಸಿರು ಹಿಡಿದು ನೋಡಿದೆವು, ನಾನು, ಅತ್ತೆ, ಸಿಸ್ಟರ್. ಹೊಟ್ಟೆ ಉಬ್ಬಲಿಲ್ಲ. ವಾಪಸ್ ಬರಲಿಲ್ಲ. ಮಗಳು ತುಟಿ ಒಂದು ಸಲ ಚೀಪಿ ನಿದ್ದೆ ಹೋದಳು. ಅತ್ತೆ ಮಾತ್ರ ಮಗುವನ್ನು ಬಿಟ್ಟು ಟ್ರೇಯಲ್ಲಿದ್ದ ಸಿರಿಂಜನ್ನೇ ನೋಡುತ್ತಿದ್ದರು. ಅದರಲ್ಲಿ ಉಳಿದಿದ್ದ ಹಾಲು ತೆಳ್ಳಗೆ, ನೀಲಿಯಾಗಿ ಇತ್ತು.

"ಎಲ್ಲಾರ್ದೂ ಇಂಗೇ ಇರ್ತದಾ?" ಅಂದರು.

ಎಲ್ಲರದ್ದೂ ಹೀಗೇ ಇರುತ್ತದೆ ಅಜ್ಜಿ ಅಂದರು ಸಿಸ್ಟರ್.

"ನಾಕು ಮಕ್ಕಳ್ಗೆ ಕುಡ್ಸಿವ್ನಿ" ಅಂದರು ಅತ್ತೆ, ನನ್ನ ಕಡೆ ತಿರುಗಿ. "ನನ್ನ ಹಾಲು ಎಂಗಿತ್ತು ಅಂತ ಒಂದಿನಾನೂ ನಾನು ಕಣ್ಣಲ್ಲಿ ನೋಡ್ಲಿಲ್ವಲ್ಲ ಸುಮಾ."

ಗೊತ್ತಿಲ್ಲದೆ ಆಯಿತು, ಬಿಡಿ ಅತ್ತೆ ಅನ್ನುವ ಒಂದು ಮಾತಿಗೆ ಕಾಯುತ್ತಾ ನಿಂತಿದ್ದರು. ನನಗೆ ಅದು ತಿಳಿಯಿತು. ಆ ಮಾತು ಹೇಳುವುದಕ್ಕೆ ಹೆಚ್ಚು ಹೊತ್ತೂ ಬೇಕಿರಲಿಲ್ಲ.

ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ. ಹೊಟ್ಟೆಯ ಮೇಲೆ ಅಡ್ಡ ಗೆರೆಯಿದೆ, ತಿಂದದ್ದು ಮೈಗೆ ಹತ್ತುವುದಿಲ್ಲ, ವಯಸ್ಸಿಗೆ ತಕ್ಕ ಬೆಳವಣಿಗೆಯಿಲ್ಲ. ಆದರೆ ಬಾಯಿ ಜೋರು. ಅಜ್ಜಿಯೆಂದರೆ ಪ್ರಾಣ, ಸ್ನಾನ, ಊಟ, ನಿದ್ದೆ ಎಲ್ಲ ಅಜ್ಜಿಯ ಹತ್ತಿರವೇ ಆಗಬೇಕು. ಅವಳ ಅಂಗಿ ಬದಲಿಸುವಾಗ ಆ ಗೆರೆ ಕಂಡರೆ ಅತ್ತೆ ಕೈ ನಿಲ್ಲಿಸಿ, ಹಾಗೇ ತಲೆಯೆತ್ತಿ ನನ್ನ ಮುಖ ನೋಡುತ್ತಾರೆ. ನಾನು ನೋಡದವಳ ಹಾಗೆ ಒಳಗೆ ಹೋಗುತ್ತೇನೆ.